ಕಿವ್ಯಾಗ ಹಾಡು, ಓಣ್ಯಾಗ ಫಜೀತಿ

ದಿನಾ ಮುಂಜಾನೆ ಓಡಿದ್ರ ಮೈ ಹಗುರಾಕ್ಕೈತಿ ಅಂತ ಎಲ್ಲಾರೂ ಹೇಳ್ತಾರ. ಆಗಿರಬಹುದು. ಆದರ ಕಿವ್ಯಾಗ ಹಾಡು ಹಾಕ್ಕೊಂಡು ಓಡಿದ್ರ ಏನೇನು ಆಕ್ಕೈತಿ ಅನ್ನೂದನ್ನ ನನಗ ಒಬ್ಬರೂ ಹೇಳಿರ್ಲಿಲ್ಲ. ನಾ ಓಡಾಕ ಹತ್ತಿದಾಗಿಂದ ಏನರ ಒಂದು ಫಜೀತಿ ಆಗದ ಮನಿಗೆ ಹೊಳ್ಳಿ ಬಂದ ದಿನಾ ಭಾಳ ಕಡಿಮಿ.

ನಾ ಶಿಗ್ಗಾಂವ್ಯಾಗ ಹೆಣ್ಮಕ್ಕಳ ಜಂಪರ್ ಹೊಲಿಯಾಕಿ. ಇಷ್ಟು ವರ್ಷಾತು, ಮಶೀನಿನ ಮುಂದ ಕುಂತು ಕಾಲಿಲೆ ತುಳಿಯೂದ ನನ್ನ ಕೆಲಸ. "ಮೋಟರ್ ಹಾಕಿಸ್ಕೋ" ಅಂತಾರ ಮಂದಿ, ನನಗ ಅದು ಸೇರೂದಿಲ್ಲ. ಬಾಜೂಕ ಮೊಬೈಲಿನ್ಯಾಗ ಹಾಡು ಹಚ್ಚಿರ್ತೇನಿ. ಹಾಡು ನಡದಂಗ ಕಾಲು ನಡೀತಾವು, ಹಾಡು ನಿಂತ್ರ ಕಾಲೂ ನಿಲ್ತಾವು. ಅವಕ್ಕ ರೂಢಿನ ಹಂಗ ಬಿದ್ದೈತಿ.

ಹಿಂದಕ್ಕೊಮ್ಮೆ ರಕ್ತಾ ತಪಾಸ ಮಾಡಿಸಿದಾಗ ಡಾಕ್ಟರು, "ಸಕ್ರಿ ಅಂಚಿಗೆ ಬಂದು ನಿಂತೈತಿ ನೋಡ್ರಿ. ಮೂರು ತಿಂಗಳು ಟೈಮ್ ಕೊಡ್ತೇನಿ, ದಿನಾ ಓಡ್ರಿ. ಇಳೀಲಿಲ್ಲಂದ್ರ ಜನ್ಮಪೂರ್ತಿ ಗುಳಿಗಿ" ಅಂದ್ರು. ಗುಳಿಗಿಗೆ ನಾ ಅಂಜಾಕಿ ಅಲ್ಲ. ಆದರ ಇದ ಸಕ್ರಿ ರೋಗದಿಂದ ನಮ್ಮವ್ವನ ಬಲಗಾಲಿನ ಎರಡು ಬಟ್ಟು ಕೊಯ್ದು ತಗದಾರ. ಅವ್ವ ನನ್ನ ಮನ್ಯಾಗ ಇರ್ತಾಳ, ಆ ಕಾಲು ದಿನಾ ನನ್ನ ಕಣ್ಣ ಮುಂದ. ನನ್ನ ಅನ್ನ ಇರೂದ ನನ್ನ ಕಾಲಾಗ. ಖರೇ ಹೇಳಬೇಕಂದ್ರ ಎದಿ ಝಲ್ ಅಂತು. ಮರುದಿನಾನ ಮಗಳ ಕಡಿಂದ ಇಯರ್‌ಫೋನ್ ಇಸ್ಕೊಂಡು, ಚೂಡಿದಾರ ಹಾಕ್ಕೊಂಡು ಓಡಾಕ ಹೊಂಟ್ನಿ.

೧. ಜಾಹೀರಾತಿನ ಚಾ

ನನ್ನ ಮೊಬೈಲಿನ್ಯಾಗ ಹಾಡು ಪುಕ್ಕಟ ಬರ್ತಾವು. ಪುಕ್ಕಟ ಅಂದಮ್ಯಾಲ ಎರಡು ಹಾಡಿಗೊಮ್ಮೆ ಜಾಹೀರಾತು ಇರೂದ. ಮಶೀನಿನ ಮುಂದ ಕುಂತಾಗ ಇದು ಗೊತ್ತಾಗ್ತಿರ್ಲಿಲ್ಲ, ಆ ಹೊತ್ತಿನ್ಯಾಗ ಗುಂಡಿ ಹಚ್ಕೊಂತಿದ್ನಿ. ಓಡೂ ಮುಂದ ಗೊತ್ತಾತು. ಹಾಡು ಬಂದ್ ಆತು, ಕಾಲು ನಿಂತ್ವು. ಮುಂದ ಹೋಗ್ರೆಲೇ ಅಂದ್ರ ಕೇಳವೊಲ್ಲವು!

ನಿಂತದ್ದು ನಮ್ಮ ಓಣಿ ತುದಿಗಿರೂ ಆಯಿ ಮನಿ ಬಾಗಲಾಗ. ಅಕಿ ಹಿರೇಕೆರೂರ ಕಡೆಯಾಕಿ, ವಯಸ್ಸಾದಾಕಿ, ಓಣಿಮಂದಿಗೆಲ್ಲಾ ಆಯಿ. ಕಸಾ ಹೊಡಿಯಾಕತ್ತಿದ್ದಾಕಿ ನನ್ನ ನೋಡಿ ಕಸಬರಗಿ ಬಿಟ್ಲು.

"ಬಾರವ್ವಾ, ಬಾ. ಇಷ್ಟು ಮುಂಜಾನೆ ಬಂದಿ ಅಂದಮ್ಯಾಲ ಚಾ ಕುಡೀದ ಹೆಂಗ ಹೋಗ್ತಿ?"

"ನಾ ಬಂದಿಲ್ಲ ಆಯಿ, ನಿಂತೇನಿ ಅಷ್ಟ."

"ಬಾಗಲಾಗ ನಿಂತು ಬಂದಿಲ್ಲ ಅಂತಿ ಅಲ್ಲ! ನಮ್ಮ ಮನಿ ಚಾ ನಿನಗ ಸೇರೂದಿಲ್ಲೇನ?"

ಹಂಗ ಅಂದಮ್ಯಾಲ ಕುಡೀದ ಹೋಗೂದು ಹೆಂಗ? ಕುಡದ್ನಿ. ಆಯಿ ಕೈ ಧಾರಾಳ, ಚಾದಾಗ ಸಕ್ರಿ ಅಲ್ಲ, ಸಕ್ರ್ಯಾಗ ಚಾ ಇತ್ತು. ಅಲ್ಲಿಂದ ಎದ್ದು ಎರಡು ಹಾಡು ಓಡಿದ್ನಿ, ಮತ್ತ ಜಾಹೀರಾತು, ಮತ್ತೊಂದು ಬಾಗಲು, ಮತ್ತೊಂದು ಕಪ್ಪು. ಬ್ಯಾಡ ಅಂದ್ರ ಹಾಲು ತಂದ್ರು, ಅದಕ್ಕೂ ಸಕ್ರಿ!

ಮನಿಗೆ ಬಂದು ಎಲ್ಲಾ ಹೇಳಿದ ಮ್ಯಾಲ ನಮ್ಮನಿಯವ್ರು ಕೇಳಿದ್ರು: "ನೀ ಸಕ್ರಿ ಇಳಸಾಕ ಹೋಗಿದ್ದ್ಯೋ, ಬೀಗರ ಮನಿ ಭೆಟ್ಟಿಗೆ ಹೋಗಿದ್ದ್ಯೋ?"

೨. ಪುಕ್ಕಟ ಬಸ್ಸು

ಕಾಲಿಗೆ ಯಾವ ಹಾಡು ಸೇರತಾವು ಅಂತ ನೋಡೂ ಹುಚ್ಚು ಆಮ್ಯಾಲ ಹತ್ತಿತು. ಇದೊಂಥರಾ ಮಜಾ ಐತಿ. ಸೋಬಾನ ಪದ ಹಚ್ಚಿ ನೋಡಿದ್ನಿ, ಮದಲಗಿತ್ತಿ ಅಕ್ಕಿಕಾಳು ತುಳದಂಗ ಮೆಲ್ಲಕ ಹೆಜ್ಜಿ ಬಿದ್ವು. ಮೆರವಣಿಗಿ ಬ್ಯಾಂಡು ಹಚ್ಚಿದ್ನಿ, ಕಾಲು ಓಡೂದು ಬಿಟ್ಟು ಕುಣಿಯಾಕ ಹತ್ತಿದ್ವು. ನಡುರಸ್ತೆದಾಗ ಮಾನ ಹೋಗೂದು ಬ್ಯಾಡಂತ ಲಗೂನ ಬಂದ್ ಮಾಡಿದ್ನಿ. ಹಾಡು ಕಿವ್ಯಾಗ ಹೊಕ್ಕು ಕಾಲಿಗೆ ಹೆಂಗ ಇಳೀತೈತಿ, ನಡುವ ತಲಿಗೆ ಒಂದು ಮಾತರ ಕೇಳಬಾರದ?

ಕಡೀಕ ಭಜನಿ ಪದ ಹಚ್ಚಿದ್ನಿ. ಭಜನಿ ಗೊತ್ತಲ್ಲ, ಶುರುವಿನ್ಯಾಗ ಭಾಳ ಶಾಂತ. ನಾನೂ ಶಾಂತ ಓಡಿದ್ನಿ. ನಡಕ್ಕ ಬಂದಂಗ ತಾಳ ಜೋರಾತು, ನಾನೂ ಜೋರಾದ್ನಿ. ಮುಗಿಯೂ ಹೊತ್ತಿಗೆ ತಾಳದವ್ರಿಗೆ ಮೈಮ್ಯಾಲೆ ಖಬರ ಇರೂದಿಲ್ಲ ನೋಡ್ರಿ, ಝಣಝಣ ಝಣಝಣ ಬಡ್ಯಾಕತ್ತಿದ್ರು. ನಾ ಸವಣೂರ ರೋಡಿನ್ಯಾಗ ಎದ್ನೋ ಬಿದ್ನೋ ಅಂತ ಓಡಾಕತ್ತಿದ್ನಿ. ಬಾಜೂಕ ಬಸ್ ಬಂದದ್ದು ಕೇಳಿಲ್ಲ, ಕಂಡಕ್ಟರ ಸೀಟಿ ಹೊಡದದ್ದು ಕೇಳಿಲ್ಲ. ಬಸ್ ನಿಂತು, ಬಾಗಲದಾಗಿನ ಇಬ್ಬರು ಹೆಣ್ಮಕ್ಕಳು ರಟ್ಟಿ ಹಿಡದು ಜಗ್ಗಿ, "ಪಾಪ, ಎಷ್ಟು ದೂರದಿಂದ ಓಡ್ಯಾಳೋ ಏನೋ" ಅಂತ ಮ್ಯಾಲ ಹಾಕ್ಕೊಂಡ್ರು. ಬಾಗಲಾ ಬಂದ್. ಗಾಡಿ ಹೊಂಟಬಿಡ್ತು!

ಕಿವ್ಯಾಗಿಂದು ತಗದು, "ನಾ ಎಲ್ಲೂ ಹೋಗಾಕಿ ಅಲ್ರೀ, ಸುಮ್ಮನ ಓಡಾಕತ್ತಿದ್ನಿ" ಅಂದ್ನಿ.

ಕಂಡಕ್ಟರ ನನ್ನ ಮೇಲಿಂದ ಕೆಳಗ ನೋಡಿ, ಭಾಳ ಸಮಾಧಾನದಿಂದ ಹೇಳಿದಾ: "ಅಕ್ಕಾರ, ಹೆಣ್ಮಕ್ಕಳಿಗೆ ಬಸ್ ಫ್ರೀ ಮಾಡ್ಯಾರ. ಇನ್ನ ಯಾಕ ಓಡ್ತೀರಿ?"

೩. ಹೂಂ ರೀ

ನಮ್ಮ ಕಡೆ ಮಾತಾಡ್ಸಿದಾಗ ಮಾತಾಡ್ಲಿಲ್ಲಂದ್ರ ಮುಗೀತು, "ಅಕಿಗೆ ಸೊಕ್ಕು ಬಂದೈತಿ" ಅಂತಾರ. ಕಿವ್ಯಾಗ ಹಾಡು ಇದ್ದಾಕಿಗೆ ಯಾರು ಏನಂದ್ರು ಅಂತ ಹೆಂಗ ಗೊತ್ತಾಗಬೇಕು? ಅದಕ್ಕ ನಾ ಒಂದು ಉಪಾಯ ಹುಡಿಕಿದ್ನಿ. ಯಾರದರ ಬಾಯಿ ಅಲಗಾಡಿದ್ದು ಕಂಡ್ರ ಸಾಕು, ನಗನಗತಾ ಗೋಣು ಹಾಕಿ "ಹೂಂ ರೀ" ಅಂದು ಮುಂದ ಓಡೂದು. "ಆರಾಮ ಅದೀರೇನ್ರಿ?" ಹೂಂ ರೀ. "ಓಡಾಕತ್ತೀರೇನು?" ಹೂಂ ರೀ. ಇದರ ಹೊರತು ಮುಂಜಾನೆದ್ದು ಯಾರು ಏನು ಕೇಳ್ತಾರ?

ಒಂದು ದಿನಾ ಸಂಜೀಕ ಹಿಂದಿನ ಓಣಿ ಗಿರಾಕಿ ಒಬ್ಬಾಕಿ ಅರಬಿ ತುಂಬಿದ ಚೀಲಾ ಹೊತಗೊಂಡು ಬಂದು ಮಶೀನಿನ ಮುಂದ ಸುರುವಿದ್ಲು. "ಮಗಳ ನಿಶ್ಚಯ ಸವಣೂರಿನ್ಯಾಗ. ನಮ್ಮ ಮನಿ ಹೆಣ್ಮಕ್ಕಳದೂ ಬೀಗತ್ಯಾರದೂ ಎಲ್ಲಾ ಜಂಪರ್ ಇದರಾಗ ಅದಾವು. ಗುರುವಾರದೊಳಗ."

"ಗುರುವಾರ? ಯಾರು ಒಪ್ಪಿದ್ರವ್ವಾ?"

"ನೀನ! ಮುಂಜಾನೆ ಓಡಾಕತ್ತಿದ್ದಿ, ಕೇಳಿದ್ನಿ, ಹೂಂ ಅಂದಿ. ಹೊಳ್ಳಿ ಬರೂ ಮುಂದ ಮತ್ತ ಕೇಳಿದ್ನಿ, ನಕ್ಕೊಂತ ಹೂಂ ಅಂದಿ. ಇಷ್ಟು ಅರ್ಜಂಟಿದ್ರೂ ನಗ್ತಾಳಲ್ಲ, ಎಷ್ಟು ಛಲೋ ಹೆಣ್ಮಗಳಪಾ ಅಂತ ಬೀಗತ್ಯಾರಿಗೂ ಹೇಳೇನಿ."

ಗುರುವಾರದ ತನಕ ಓಟ ಬಂದ್. ಹಗಲೆಲ್ಲಾ ಮಶೀನು ತುಳದದ್ದ ತುಳದದ್ದು. ನಮ್ಮನಿಯವ್ರು ಊಟಕ್ಕ ಬಂದಾಗೊಮ್ಮೆ ಇಣಿಕಿ ನೋಡಿ ಹೋಗ್ತಿದ್ರು. ಕಡೇ ಜಂಪರಿಗೆ ಹುಕ್ ಹಚ್ಚೂ ಮುಂದ ಅಂದ್ರು, "ಇನ್ನ ಹೊರಗ ಓಡೂದು ಬ್ಯಾಡ ಬಿಡು. ತುಳದ ಲೆಕ್ಕಾ ಹಿಡದ್ರ ನೀ ಕುಂತಲ್ಲೇ ಸವಣೂರ ಮುಟ್ಟಿ, ನಿಶ್ಚಯದ ಊಟಾ ಮಾಡಿ ಹೊಳ್ಳಿ ಬಂದೀ."

೪. ಅವ್ವನ ಪಾಳಿ

"ನನಗೂ ಒಂದು ಸ್ವಲ್ಪ ಕೊಡವ್ವಾ, ಏನೈತಿ ಅದರಾಗ ನೋಡ್ತೇನಿ" ಅಂತ ಅವ್ವ ಒಂದಿನಾ ಗಂಟುಬಿದ್ಲು. ಹೊರಸಿನ ಮ್ಯಾಲ ಕುಂದ್ರಿಸಿ ಕಿವ್ಯಾಗ ಹಾಕಿದ್ನಿ. ಒಂದು ಪದ ಪೂರಾ ಕೇಳಿ, ಕಿವಿ ತುಂಬೇತಲ್ಲ, ಓಣಿಗೆಲ್ಲಾ ಕೇಳೂ ಹಂಗ ಒದರಿದ್ಲು: "ನೀ ಇಷ್ಟು ಓಡ್ತಿ, ನಿನ್ನ ಕೂಡ ಓಡಿದ್ರೂ ಈ ಹಾಡಾವಂಗ ಒಮ್ಮೆನೂ ಉಬ್ಬಸ ಬರೂದಿಲ್ಲಲ್ಲಾ!"

ನಾ ನಗಾಕತ್ತಿದ್ನಿ. ಹಂಗ ಕೆಳಗ ನೋಡಿದ್ನಿ. ಅವ್ವನ ಬಲಗಾಲಿನ್ಯಾಗ ಉಳದ ಬಟ್ಟು ತಾಳ ಹಾಕಾಕತ್ತಿದ್ವು. ನನ್ನ ನಗಿ ಅಲ್ಲೇ ಬಂದ್ ಆತು. ಅಕಿ ಬಾಜೂಕ ಕುಂತುಬಿಟ್ನಿ.

ಮರುದಿನ ಮುಂಜಾನೆ ಓಡಾಕ ಹೊಂಟಾಗ ಇಯರ್‌ಫೋನ್ ಇಲ್ಲ, ಮೊಬೈಲೂ ಇಲ್ಲ. ಎರಡೂ ಅವ್ವನ ಕೌದಿಯೊಳಗಿದ್ವು. "ಕೊಡಬೇ, ಹೊತ್ತಾತು" ಅಂದ್ನಿ. ಅಕಿ ಕೌದಿ ಗಟ್ಟಿ ಹಿಡಕೊಂಡ್ಲು. "ನಿನಗ ಓಡಾಕ ಕಾಲು ಅದಾವು, ಹೋಗು. ನನಗ ಹಾಡರ ಇರ್ಲಿ!"

೫. ನನ್ನ ಹಿಂದ ಬಂದೋರು

ಮೂರು ತಿಂಗಳು ಮುಗದು ರಕ್ತಾ ತಪಾಸದ ದಿನಾ ಬಂತು. ರಾತ್ರಿ ಸರಿಯಾಗಿ ನಿದ್ದಿ ಹತ್ತಿರ್ಲಿಲ್ಲ. ಇಷ್ಟು ದಿನಾ ಓಡಿದ್ರೂ ಎಲ್ಲೂ ನಿಂದ್ರದ ಒಂದಿನಾನೂ ಓಡಿರ್ಲಿಲ್ಲ. ಇವತ್ತು ಮನಿಯಿಂದ ದವಾಖಾನಿ ಮಟಾ ನಿಂದ್ರದ ಓಡಿದ್ನೆಂದ್ರ ಸಕ್ರಿ ಇಳದಿರತೈತಿ ಅಂತ ನನಗ ನಾನ ಹರಕಿ ಹೊತ್ತಂಗ ಹೊತ್ತಬಿಟ್ನಿ. ಮಗಳು ಅವ್ವನ ಕೌದಿಯೊಳಗಿಂದ ಮೊಬೈಲು ತಗದು, ಜಾಹೀರಾತು ಬರದಂಗ ಹಾಡು ಇಳಿಸಿಕೊಟ್ಲು. ಡಾಕ್ಟರ ಮುಂದ ಚೂಡಿದಾರ ಯಾಕ ಅಂತ ಸೀರಿ ಉಟ್ನಿ, ಕಚ್ಚಿ ಬಿಗದು ಹೊಂಟ್ನಿ.

ಅರ್ಧ ದಾರಿಗೆ ದಮ್ಮು ಹತ್ತಿತು. ಉಸರು ತಪ್ಪಬಾರದಂತ ಹಾಡಿನ ಕೂಡ ನಾನೂ ಹಾಡಾಕ ಹತ್ತಿದ್ನಿ. ಕಿವಿ ಮುಚ್ಚಿತ್ತಲ್ಲ, ನನ್ನ ದನಿ ನನಗ ಕೇಳಿಸ್ತಿರ್ಲಿಲ್ಲ. ಬೆವರು ಕಣ್ಣಾಗ ಇಳದು ಉರಿಯಾಕತ್ತಿತ್ತು, ಸೆರಗಿಲೆ ವರಸಿಕೊಂತ, ಏದುಸಿರು ಬಿಟಗೊಂತ, ರಾಗಾ ಎಳಕೊಂತ ಓಡಿದ್ನಿ. ನಿಂದರ್ಲಿಲ್ಲ. ಒಮ್ಮೆನೂ ನಿಂದರ್ಲಿಲ್ಲ! ದವಾಖಾನಿ ಕಟ್ಟಿ ಮುಟ್ಟಿ, ಕಿವ್ಯಾಗಿಂದು ತಗದು, ಗೆದ್ದೆ ಅಂತ ಹಿಂದ ಹೊಳ್ಳಿ ನೋಡ್ತೇನಿ, ನಮ್ಮ ಓಣಿ ಹೆಣ್ಮಕ್ಕಳು ತಲಿ ತುಂಬ ಸೆರಗು ಹೊತ್ತು, ಏಕ್ದಂ ಓಡಿ ಬರಾಕತ್ತಾರ. ಎಲ್ಲಾರಿಗಿಂತ ಮುಂದ ಆಯಿ.

ಬಂದಾಕಿನ ನನ್ನ ತಬ್ಬಿಕೊಂಡು, "ಯಾರು ಹೋದ್ರವ್ವಾ? ಯಾರ ಮಣ್ಣಿಗೆ ಹೊಂಟಿ?" ಅಂದ್ಲು.

ಆಮ್ಯಾಲ ತಿಳೀತು. ನಮ್ಮ ಕಡೆ ಸತ್ತ ಮನ್ಯಾಗ ಹೆಣ್ಮಕ್ಕಳು ಸುಮ್ಮನ ಅಳೂದಿಲ್ಲ, ರಾಗಾ ಎಳದು ಹಾಡ್ಯಾಡಿ ಅಳ್ತಾರ. ಸೀರಿ ಉಟಗೊಂಡು, ಕಣ್ಣು ವರಸಿಕೊಂತ, ಹಾಡಿಕೊಂತ ಓಡಾಕಿನ್ನ ನೋಡಿದ್ರ ಯಾರರ ಏನು ತಿಳೀಬೇಕು? ಹೊಂಟೋರನ್ನ "ಎಲ್ಲಿಗೆ" ಅಂತ ಕೇಳೂದು ಅಪಶಕುನ. ಅದಕ್ಕ ಕೇಳದ, ರಂಗೋಲಿ ಅಲ್ಲೇ ಬಿಟ್ಟು, ಸೆರಗು ಹೊತ್ತು ಹಿಂದ ಬಂದಿದ್ರು. ದಾರ್ಯಾಗ ಕೂಗಿದ್ರಂತ, ನನಗೆಲ್ಲಿ ಕೇಳಬೇಕು!

"ಯಾರೂ ಹೋಗಿಲ್ಲ ಆಯಿ" ಅಂದ್ನಿ. "ನಾ ಹೋಗಬಾರದಂತ ಓಡಾಕತ್ತೇನಿ."

ಬೈತಾರ ಅಂತ ಮಾಡಿದ್ನಿ. ಯಾರೂ ಬೈಲಿಲ್ಲ. ಮಣ್ಣಿಗಂತ ಹೊಂಟಮ್ಯಾಲ ಅರ್ಧಕ್ಕ ಹೊಳ್ಳಿ ಹೋಗಬಾರದಂತ ಎಲ್ಲಾರೂ ಕಟ್ಟಿ ಮ್ಯಾಲ ಸಾಲಾಗಿ ಕುಂತ್ರು. ಬಂದ ಪೇಷಂಟುಗಳು ಆ ಸೆರಗಿನ ಸಾಲು ನೋಡಿ, ಒಳಗ ಹೋಗಬೇಕೋ ಬ್ಯಾಡೋ ಅಂತ ಹೊರಗ ನಿಂತ್ರು. ನಾ ರಕ್ತಾ ಕೊಟ್ಟು ಬಂದು ಆಯಿ ಬಾಜೂಕ ಕುಂತ್ನಿ. ಆಯಿ ನನ್ನ ಕೈ ಬಿಡ್ಲಿಲ್ಲ.

ಡಾಕ್ಟರು ಒಳಗ ಕರದು, "ಸಕ್ರಿ ಛಲೋ ಇಳದೈತ್ರಿ. ಗುಳಿಗಿ ಬ್ಯಾಡ, ಹಿಂಗ ಓಡ್ಕೊಂತ ಇರ್ರಿ" ಅಂದ್ರು.

ಹೊರಗ ಬಂದು ಹೇಳಬೇಕಂತ ಬಾಯಿ ತಗದ್ನಿ. ಮೂರು ತಿಂಗಳು ಹೊಟ್ಯಾಗ ಇಟ್ಟುಕೊಂಡಿದ್ದ ಅಂಜಿಕಿ ಎಲ್ಲಾ ಒಮ್ಮೆಲೆ ಒಡದು, ದವಾಖಾನಿ ಕಟ್ಟಿ ಮ್ಯಾಲ ನಿಂತು ಗೊಳೋ ಅಂತ ಖರೇನ ಅಳಾಕ ಹತ್ತಿದ್ನಿ.

ಆಯಿ ಗಡಬಡಿಸಿ ಎದ್ದು ನನ್ನ ಬಾಯಿ ಮ್ಯಾಲ ಸೆರಗು ಒತ್ತಿದ್ಲು: "ಸುಮ್ಮನಿರಬೇ ನಮ್ಮವ್ವಾ! ಓಣ್ಯಾಗ ಉಳದೋರೂ ಓಡಿ ಬಂದಾರು!"