ಹಡಗಿನ ಚೀಫ್ ಸಾಹೇಬರ ಸನ್ಮಾನ

ನಮ್ಮ ಕಡೆ ಯಾರನ್ನಾದರೂ "ಏನ್ ನೌಕರಿ ಮಾಡ್ತೀರಿ?" ಎಂದು ಕೇಳುವುದು ಅವರ ಕೆಲಸದ ಬಗ್ಗೆ ತಿಳಿದುಕೊಳ್ಳುವ ಆಸೆಯಿಂದಲ್ಲ. ಬಂದವರಿಗೆ ಕುರ್ಚಿ ಹಾಕಬೇಕೋ, ಚಾಪೆ ಹಾಸಬೇಕೋ, ಕಟ್ಟೆಯ ಮೇಲೆ ಕೂತವರು ಅಲ್ಲೇ ಕೂತಿರಲಿ ಎಂದು ಬಿಡಬೇಕೋ ಎಂಬುದು ಗೊತ್ತಾಗಬೇಕಲ್ಲ, ಅದಕ್ಕೆ. ತಲಾಟಿ, ಕಂಡಕ್ಟರ್, ಪೊಲೀಸ್, ಬ್ಯಾಂಕಿನವ ಎಂದರೆ ನಮಗೆ ತಕ್ಷಣ ಅಂದಾಜು ಸಿಗುತ್ತದೆ. ನನ್ನಂಥ ಕನ್ನಡ ಮಾಸ್ತರನೆಂದರೆ ಚಾಪೆ. ಊರಲ್ಲಿ ಕಾರ್ಯಕ್ರಮವಿದ್ದು ಮೈಕು ಹಿಡಿಯುವವ ಬೇಕಾದಾಗ ಮಾತ್ರ ಕುರ್ಚಿ. ಇಂಥ ನಮ್ಮ ಮೊರಬದಲ್ಲಿ, ಯಾವ ಅಳತೆಗೂ ಸಿಗದ ನೌಕರಿಯೊಂದನ್ನು ತಂದು ಹಾಕಿದವನು ನನ್ನ ಹೆಂಡತಿ ಗಿರಿಜಾಳ ತಮ್ಮ, ನಮ್ಮ ಮನೆಯಲ್ಲೇ ಬೆಳೆದ ಮಲ್ಲೇಶಿ. ಅವನು ಹಡಗಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಯಾವ ಕೆಲಸವೆಂದು ನಾವು ಯಾರೂ ಕೇಳಲಿಲ್ಲ, ಹಡಗೆಂದರೆ ಸಾಕಾಗಿತ್ತು.

ಮೊರಬವೆಂದರೆ ಎರೆಮಣ್ಣಿನ ಊರು. ಮಳೆಗಾಲದಲ್ಲಿ ಹಳ್ಳ ತುಂಬಿ ಬಸ್ಸು ನಿಂತುಹೋದರೆ ಅದೇ ನಮಗೆ ಸಮುದ್ರ. ನಾನು ನಿಜವಾದ ಸಮುದ್ರವನ್ನು ಒಮ್ಮೆ ಶಾಲೆಯ ಪ್ರವಾಸದಲ್ಲಿ ಕಾರವಾರದಲ್ಲಿ ಕಂಡಿದ್ದೇನೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಮಕ್ಕಳಿಗೆ ಅದರ ಗಾಂಭೀರ್ಯವನ್ನು ವರ್ಣಿಸುತ್ತಿದ್ದಾಗ ಅದು ನನ್ನ ಎಡಗಾಲಿನ ಚಪ್ಪಲಿಯನ್ನು ಒಯ್ದಿತು. ನನ್ನ ಮತ್ತು ಸಮುದ್ರದ ವ್ಯವಹಾರ ಅಷ್ಟೇ. ಆದರೂ ಮಲ್ಲೇಶಿ ಸಮುದ್ರಕ್ಕೆ ಹೋದ ದಿನದಿಂದ ಊರಿನವರು ಹಡಗಿನ ಸಂಶಯಗಳನ್ನೆಲ್ಲ ನನ್ನಲ್ಲಿಗೆ ತರತೊಡಗಿದರು. ನಾನೂ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ.

ಹೋದ ವರ್ಷ ಒಂದು ಸಂಜೆ ಅವನ ಫೋನು ಬಂತು. ಗಾಳಿಯ ಸದ್ದಿನ ನಡುವೆ "ಅಕ್ಕಾ, ನನಗ ಪ್ರಮೋಶನ್ ಆತು, ಚೀಫ್..." ಎಂದಷ್ಟು ಕೇಳಿ ಲೈನು ಹೋಯಿತು. ಗಿರಿಜಾ ಫೋನು ಇಡುವ ಮೊದಲೇ ಪಕ್ಕದ ಮನೆಯವರಿಗೆ ಸುದ್ದಿ ಕೊಟ್ಟಳು. ನಮ್ಮ ಕಟ್ಟೆಯಿಂದ ಇಳಿಯುವಾಗ ಬರೀ 'ಚೀಫ್' ಇದ್ದದ್ದು ಹಿಟ್ಟಿನ ಗಿರಣಿ ಮುಟ್ಟುವಾಗ 'ಚೀಫ್ ಆಫೀಸರ್' ಆಯಿತು. ನವಲಗುಂದದ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕ್ಯಾಪ್ಟನ್ ಆಗಿತ್ತು. ಹುಬ್ಬಳ್ಳಿಯವರೆಗೆ ಹೋಗಿದ್ದರೆ ಹಡಗೇ ಅವನದಾಗುತ್ತಿತ್ತು.

ಇದರಿಂದ ಸಂಶಿಯ ಗೌಡರೊಬ್ಬರು ನಮ್ಮ ಮನೆಗೆ ಬಂದರು. ನೀರಾವರಿ ಹೊಲ, ಎರಡು ಟ್ರ್ಯಾಕ್ಟರು, ಹುಬ್ಬಳ್ಳಿಯಲ್ಲಿ 'ಬಿಸಿನೆಸ್' ಮಾಡುವ ಮಗ. ಆ ಬಿಸಿನೆಸ್ ಯಾವುದೆಂದು ಮಗನಿಗೂ ಇನ್ನೂ ಗೊತ್ತಾಗಿರಲಿಲ್ಲ. ಮಗಳು ಶಿವಲೀಲಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಕೆ. "ಮಾಸ್ತರ, ನಿಮ್ಮ ಹುಡುಗ ರಜಾಕ ಬಂದಾಗ ತಿಳಸ್ರಿ. ನೋಡೂಣು," ಎಂದರು. ಅಲ್ಲಿಯವರೆಗೆ ನನಗೆ ನಮಸ್ಕಾರವನ್ನೂ ಕೊಡದಿದ್ದ ಮನುಷ್ಯ ಅಂದು ನನ್ನ ಮನೆಯ ಚಹಾದ ಎರಡನೇ ಕಪ್ಪನ್ನು ತಾವೇ ಕೇಳಿ ಕುಡಿದರು.

ಮಲ್ಲೇಶಿ ರಜೆಗೆ ಬಂದ. ನಮ್ಮ ಶಾಲೆಯ ಸ್ನೇಹ ಸಮ್ಮೇಳನವೂ ಅದೇ ವಾರ ಇತ್ತು. ಅವನನ್ನು ಸನ್ಮಾನಿಸುವುದು, ಶಾಲು ಗೌಡರ ಕೈಯಿಂದ ಹೊದಿಸುವುದು, ಶಿವಲೀಲಾ ಮತ್ತು ಅವರ ಮನೆಯ ಹೆಣ್ಣುಮಕ್ಕಳು ಅಲ್ಲೇ ಕೂತು ಹುಡುಗನನ್ನು ನೋಡುವುದು ಎಂದು ನಾನೇ ಏರ್ಪಾಡು ಮಾಡಿದೆ. ಹುಡುಗ ಮಾತ್ರ ಬಂದಾಗಿನಿಂದ ನನ್ನ ಹಿಂದೆ ತಿರುಗುತ್ತಿದ್ದ.

"ಮಾಮಾ, ಒಂದ್ ಮಾತ ಹೇಳೂದೈತಿ."

"ಭಾಷಣದಾಗ ಹೇಳೋ ತಮ್ಮಾ, ಎಲ್ಲಾರೂ ಕೇಳಲಿ," ಎಂದೆ. ನಾನು ಅವನ ಪರಿಚಯ ಭಾಷಣ ಬರೆಯುವುದರಲ್ಲಿ ಮುಳುಗಿದ್ದೆ. ಯಾರ ಪರಿಚಯ ಬರೆಯುತ್ತಿದ್ದೇನೋ ಅವನ ಮಾತು ಕೇಳುತ್ತ ಕೂತರೆ ಬರವಣಿಗೆಯ ಓಘ ಕೆಡುತ್ತದೆ.

ಸಮ್ಮೇಳನದ ದಿನ ನಾನು ಮಾತಾಡಿದ್ದು ಮಾತಾಡಿದ್ದೇ. "ಸಪ್ತಸಾಗರಗಳ ಅಲೆಗಳಿಗೆ ಅಪ್ಪಣೆ ಕೊಡುವ ಧೀರ" ಎಂದೆ. "ಬಿರುಗಾಳಿಯ ಕಿವಿ ಹಿಂಡಿ ಹಡಗನ್ನು ದಡ ಸೇರಿಸುವ ನಮ್ಮೂರ ಹುಡುಗ" ಎಂದೆ. ಚಪ್ಪಾಳೆ ಬಿತ್ತು. ಗೌಡರು ಶಾಲು ಹೊದಿಸಿ, ಪೇಟಾ ಇಟ್ಟು, ಫೋಟೋದವ "ಇನ್ನೊಮ್ಮೆರಿ" ಎಂದಾಗ ಇನ್ನೊಮ್ಮೆ ಇಟ್ಟರು. ಮಲ್ಲೇಶಿ ಮೈಕಿನ ಮುಂದೆ ಬಂದ.

"ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಾಮಾ ಭಾಳ ಛಂದ ಮಾತಾಡಿದ್ರು. ಯಾರ ಬಗ್ಗೆ ಅಂತ ಅಷ್ಟ ನನಗ ತಿಳೀಲಿಲ್ಲ. ನಾ ಹಡಗ ನಡಸಂಗಿಲ್ರಿ. ಹಡಗದಾಗ ಅಡಗಿ ಮಾಡ್ತೀನಿ. ಚೀಫ್ ಅಂದ್ರ ಚೀಫ್ ಕುಕ್."

ನನ್ನ ಬಾಜೂಕ್ಕೆ ಕೂತಿದ್ದ ರಿಟೈರ್ಡ್ ತಲಾಟಿ ಕಿವಿಯಲ್ಲಿ ಕೇಳಿದರು: "ಮಾಸ್ತರ, ಹೊಚ್ಚಿದ ಶಾಲ್ ವಾಪಸ್ ತಗೋಳಾಕ ಬರತೈತೇನು?"

ಮಲ್ಲೇಶಿ ಅಲ್ಲಿಗೆ ನಿಲ್ಲಿಸಲಿಲ್ಲ. ಹಡಗೆಂದರೆ ಒಂದು ಸಣ್ಣ ಊರಿದ್ದಂತೆ ಎಂದ. ತಳದಲ್ಲಿ ಇಂಜಿನ್ನಿನ ಕಾವಿನಲ್ಲಿ ದುಡಿಯುವವರು ಹಗಲೆಲ್ಲ ಸೂರ್ಯನ ಮುಖ ಕಾಣುವುದಿಲ್ಲ. ಮೇಲಿನವರು ವರ್ಷವಿಡೀ ತುಕ್ಕು ಕೆರೆದು ಬಣ್ಣ ಹಚ್ಚುತ್ತಾರೆ, ಹಚ್ಚಿ ಮುಗಿಸುವಷ್ಟರಲ್ಲಿ ಮೊದಲಿನ ಕಡೆ ಮತ್ತೆ ತುಕ್ಕು ಹಿಡಿದಿರುತ್ತದೆ. ಬಂದರು ಹತ್ತಿರ ಬಂದಾಗ ಪೈಲಟ್ ಎಂಬಾತ ಸಣ್ಣ ದೋಣಿಯಲ್ಲಿ ಬಂದು, ಹಗ್ಗದ ಏಣಿ ಹತ್ತಿ, ಕ್ಯಾಪ್ಟನ್ನನಿಗೆ ದಾರಿ ತೋರಿಸಿ ಹಡಗನ್ನು ಒಳಗೆ ತರುತ್ತಾನೆ.

"ಪೈಲಟ್ ಇಮಾನದಾಗ ಇರತಾನಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಯಾಪ್ಟನ್ನನಿಗೇ ದಾರಿ ಗೊತ್ತಿರುವುದಿಲ್ಲ ಎಂಬುದು ನಮ್ಮವರಿಗೆ ಬಹಳ ಸಮಾಧಾನ ಕೊಟ್ಟಿತು.

ನಮ್ಮ ಓಣಿಯ ಟೇಲರ್ ದಸ್ತಗೀರಸಾಬರು ಎದ್ದು ನಿಂತರು. "ತಮ್ಮಾ, ಹಡಗ ಹಿಂಗ್ಹಿಂಗ ಅಲಗ್ಯಾಡಾಗ ಸಾರು ಚೆಲ್ಲಂಗಿಲ್ಲೇನು?"

"ಒಲಿ ಸುತ್ತ ಕಂಬಿ ಇರತಾವ್ರಿ ಕಾಕಾ, ಪಾತೇಲಿ ಜಾರಂಗಿಲ್ಲ. ಸಮುದ್ರ ಭಾಳ ಸಿಟ್ಟಿಗೆದ್ರ ಆವತ್ತ ಸಾರು ಮಾಡಂಗಿಲ್ರಿ."

ಮಂದಿ ನಕ್ಕರು. ಆಗ ಗೌಡರು ಕೂತಲ್ಲಿಂದಲೇ, ಶಾಲೆಯ ಇನ್ಸ್‌ಪೆಕ್ಟರರ ದನಿಯಲ್ಲಿ ಕೇಳಿದರು: "ಏನೇನ್ ಅಡಗಿ ಮಾಡ್ತೀಯೋ?"

"ಎಲ್ಲಾ ಮಾಡ್ತೀನ್ರಿ."

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾರಿ. ಮೀನು, ಕೋಳಿ, ಕುರಿ. ನಾ ತಿನ್ನಂಗಿಲ್ಲ. ಫಿಲಿಪಿನ್ಸ್ ದೇಶದಾಂವ ಒಬ್ಬ ದೋಸ್ತ ಅದಾನ, ಅಂವ ಉಪ್ಪು ಖಾರ ನೋಡಿ ಹೇಳ್ತಾನ."

ಗೌಡರಿಗೆ ತಟ್ಟನೆ ಅರ್ಜೆಂಟ್ ಕೆಲಸ ನೆನಪಾಯಿತು, ಎದ್ದು ಹೋದರು. ಅವರ ಹಿಂದೆ ಇನ್ನೂ ಕೆಲವರು ಮೂಗು ಮುಚ್ಚಿಕೊಂಡೇ ಎದ್ದರು. ಲಿಂಗ ಕಟ್ಟಿಕೊಂಡ ಮನೆತನದ ಹುಡುಗ ಹೀಗಾ ಎಂದರು. ಹೀಗೆ ಎದ್ದವರಲ್ಲಿ ಇಬ್ಬರನ್ನು ನಾನು ಅಣ್ಣಿಗೇರಿ ರಸ್ತೆಯ ಧಾಬಾದಲ್ಲಿ ನೋಡಿದ್ದೇನೆ. ಅವರು ಅಲ್ಲಿ ಏನು ತಿನ್ನುತ್ತಿದ್ದರೆಂದು ನಾನು ಹೇಳುವುದಿಲ್ಲ. ಹೇಳಿದರೆ ನಾನು ಏನು ತಿನ್ನುತ್ತಿದ್ದೆನೆಂದು ಅವರು ಹೇಳುತ್ತಾರೆ.

ಮನೆಗೆ ಬಂದ ಮೇಲೆ ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಮಂದ್ಯಾಗ ನಮ್ಮ ಮಾನಾ ಕಳದ್ಯಲ್ಲೋ! ಲಗ್ನ ಆದ ಮ್ಯಾಲೆ ಹೇಳಿದ್ರ ಏನಾಗತಿತ್ತು?"

"ಲಗ್ನ ಆದ ಮ್ಯಾಲೆ ಆಕಿ ಅಳತಿದ್ಲು ಅಕ್ಕಾ," ಎಂದ ಮಲ್ಲೇಶಿ. "ಈಗ ನೀ ಅತ್ರ ನಾ ಸಮಾಧಾನರ ಮಾಡಬಹುದು." ಅಷ್ಟು ಹೇಳಿ ಒಳಗೆ ಹೋಗಿ ಅಕ್ಕನಿಗೆ ಚಹಾ ಮಾಡಿ ತಂದ. ಅವಳು ಅಳುತ್ತಲೇ ಕುಡಿದು, ಅಳು ನಿಲ್ಲಿಸಿ, "ಇದಕ್ಕ ಏನ್ ಹಾಕಿಯೋ?" ಎಂದಳು. ನಾನು ಮಾತ್ರ ಯಾರಿಗೂ ಬೇಡದವನಾಗಿ ಕೂತಿದ್ದೆ. ಹುಡುಗನ ಮದುವೆ ಮುರಿದದ್ದಕ್ಕಿಂತ, ಬಿರುಗಾಳಿಯ ಕಿವಿ ಹಿಂಡಿದ ನನ್ನ ವಾಕ್ಯವನ್ನು ಊರ ಹುಡುಗರು ಓಣಿಯಲ್ಲಿ ಒದರುತ್ತಿದ್ದದ್ದು ನನಗೆ ಹೆಚ್ಚು ನೋಯುತ್ತಿತ್ತು.

ಮರುದಿನ ಮುಂಜಾನೆ ಗಿರಿಜಾಳ ಫೋನಿಗೆ ಶಿವಲೀಲಾಳೇ ಕರೆ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನಮಗೆಲ್ಲ ಕೇಳಿತು.

"ಅಕ್ಕಾರ, ನಮ್ಮ ಅಪ್ಪಾರು ಏನರ ಅನ್ಲಿರಿ, ನಾ ಅವ್ರನ್ನ ಒಪ್ಪೀನಿ. ಅಷ್ಟ ಮಂದಿ ಮುಂದ ಖರೇ ಹೇಳೋ ಗಂಡಸ್ರನ್ನ ನಾ ಇನ್ನೂ ನೋಡಿದ್ದಿಲ್ಲ. ಅದರಾಗ ಅಡಗೀನೂ ಬರತೈತಿ. ಬಿಟ್ಟಕೊಡಾಕ ನನಗೇನ್ ಹುಚ್ಚ ಹಿಡದೈತೇನ್ರಿ?"

ಮಲ್ಲೇಶಿಯ ಮುಖ ನೋಡಬೇಕಿತ್ತು. ಗಿರಿಜಾ ಅವನ ಬೆನ್ನಿಗೊಂದು ಗುದ್ದಿ, "ಹೂಂ ಅನ್ನೋ!" ಎಂದಳು. ಅವನು "ಹೂಂರಿ," ಎಂದ.

ಗೌಡರ ಮನೆಯಲ್ಲಿ ಎರಡು ವಾರ ಗದ್ದಲ ನಡೆಯಿತಂತೆ. ಗೌಡರು ಊಟ ಬಿಟ್ಟರಂತೆ, ಮಗಳೂ ಬಿಟ್ಟಳಂತೆ, ಮೊದಲು ಹಸಿದವರು ಗೌಡರಂತೆ. ಆಮೇಲೆ ಅವರು ನಮ್ಮ ಮನೆಗೆ ಬಂದು, ಏನೂ ಆಗಿಲ್ಲವೆಂಬಂತೆ, "ಮಾಸ್ತರ, ಹುಡುಗ ಫುಡ್ ಡಿಪಾರ್ಟ್‌ಮೆಂಟಿಗೆ ಹೆಡ್ ಅಂತ ಮೊದಲ ಹೇಳಬಾರದಾ?" ಎಂದು ನನ್ನನ್ನೇ ಗದರಿಸಿದರು. ಮದುವೆ ಆಯಿತು. ಧಾಬಾದ ಇಬ್ಬರೂ ಬಂದು ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು.

ಎಲ್ಲರಿಗೂ ಒಳ್ಳೆಯದಾದ ಈ ಕತೆಯಲ್ಲಿ ಪೆಟ್ಟು ತಿಂದವನು ನಾನೊಬ್ಬನೇ. ಹಡಗಿಗೆ ಮರಳುವ ಮೊದಲು ಮಲ್ಲೇಶಿ ದಂಪತಿ ನಮ್ಮಲ್ಲಿ ಉಳಿದಿದ್ದರು. ಅಷ್ಟು ದಿನ ಅಡುಗೆ ಮನೆ ಅವನದೇ. ಮಾಡುತ್ತಿದ್ದ, ಬಡಿಸುತ್ತಿದ್ದ, ಒಲೆ ಒರೆಸಿ ಕಟ್ಟೆ ತೊಳೆದು ಹೊರಗೆ ಬರುತ್ತಿದ್ದ. ಗಿರಿಜಾ ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನನ್ನು ಬಸ್ಸು ಹತ್ತಿಸಿ ಬಂದವಳೇ ನನ್ನ ಮುಂದೆ ನಿಂತಳು. "ಅಲ್ರೀ, ಅಲಗ್ಯಾಡೋ ಹಡಗದಾಗ ಅಂವ ಇಪ್ಪತ್ತ ಮಂದೀಗೆ ಮಾಡಿ ಹಾಕ್ತಾನ. ಅಲಗ್ಯಾಡಲಾರದ ಮನ್ಯಾಗ ಇಬ್ಬರಿಗೆ ಮಾಡಾಕ ನಿಮಗೇನಾಗೇತಿ?"

ಅಂದಿನಿಂದ ರವಿವಾರದ ಅಡುಗೆ ನನ್ನದು. ಮೊನ್ನೆ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹುರಿಯುತ್ತಿದ್ದೆ. ಹೊಲಿಯಲು ಕೊಟ್ಟಿದ್ದ ಅಂಗಿ ತಂದ ದಸ್ತಗೀರಸಾಬರು ಪಡಸಾಲೆಯಿಂದಲೇ, "ಮಾಸ್ತರ, ಒಳಗ ಏನ್ ಮಾಡಾಕತ್ತೀರಿ?" ಎಂದು ಕೂಗಿದರು. ಸೌಟು ಬೆನ್ನ ಹಿಂದೆ ಹಿಡಿದು ಹೊರಗೆ ಬಂದೆ.

"ಏನಿಲ್ರಿ ಸಾಹೇಬ್ರ, ಗ್ಯಾಸ್ ಸಿಲಿಂಡರ್ ಚೆಕ್ ಮಾಡಾಕತ್ತಿದ್ದೆ."

ಸಾಹೇಬರು ಗಾಳಿಯನ್ನು ಒಮ್ಮೆ ಮೂಸಿ, ಅಂಗಿಯನ್ನು ನನ್ನ ಖಾಲಿ ಕೈಗೆ ಕೊಟ್ಟು, "ಲಗೂ ಹೋಗ್ರಿ," ಎಂದರು, "ನಿಮ್ಮ ಸಿಲಿಂಡರ್ ಸೀಯಾಕತ್ತೇತಿ."