ಅಕ್ಕನ ಫೋಟೋ ಮತ್ತು ನನ್ನ ಕೆಂಪು ಟೇಪು

ಜೀವನವಿಡೀ ಶಾಲಾ ಮಕ್ಕಳಿಗೆ ಡ್ರಿಲ್ ಮಾಡಿಸಿದವನಿಗೆ ಒಂದು ಕ್ಯಾಮೆರಾವನ್ನು ಶಿಸ್ತಿಗೆ ತರುವುದು ಯಾವ ಮಹಾ ಕೆಲಸ! ನಿವೃತ್ತನಾದ ಮೇಲೆ ಮಗಳು ತನ್ನ ಹಳೆಯ ಕ್ಯಾಮೆರಾ ಕೊಟ್ಟಾಗ ನನಗನಿಸಿದ್ದು ಇಷ್ಟೇ. ಮತ್ತಿಕೆರೆಯಲ್ಲಿ ಭಾನುವಾರದ ತರಗತಿಗೆ ಸೇರಿಕೊಂಡೆ. ಅಲ್ಲಿ ಜುಟ್ಟು ಕಟ್ಟಿದ ಗುರುಗಳು ಮೊದಲ ದಿನವೇ, "ಸರ್, ಆಟೋ ಮೋಡ್ ಅಂದ್ರೆ ಸೋಮಾರಿತನ. ಬೆಳಕು ಎಷ್ಟು ಒಳಗೆ ಬರ್ಬೇಕು, ಎಷ್ಟು ಹೊತ್ತು ಬರ್ಬೇಕು, ಅದನ್ನ ನೀವೇ ಹೇಳ್ಬೇಕು" ಎಂದರು.

ಸೋಮಾರಿತನ! ಆ ಪದ ಕಿವಿಗೆ ಬಿದ್ದದ್ದೇ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮರುದಿನ ಬೆಳಗಿನ ವಾಕಿಂಗಿನಲ್ಲಿ, ಅಟ್ಟೂರು ಕೆರೆಯ ಏರಿಯ ಮೇಲೆ ನಿಂತು ಕ್ಯಾಮೆರಾದ ಅಂಕಿಯ ಚಕ್ರಗಳನ್ನು ಹಿಂದೆ ಮುಂದೆ ತಿರುಗಿಸಿ ಒಂದು ಕೊಕ್ಕರೆಯನ್ನು ಸೆರೆಹಿಡಿದೆ. ಕಣ್ಣು, ಕೊಕ್ಕು, ಗರಿ ಎಲ್ಲವೂ ಸ್ಪಷ್ಟ. ಅಲ್ಲಿಗೆ ಸರಿಯಾದ ಅಂಕಿಗಳು ಸಿಕ್ಕಂತಾಯಿತು. ಸಿಕ್ಕ ಮೇಲೆ ಬದಲಿಸುವುದೇಕೆ? ನಮ್ಮ ಶಾಲೆಯ ಗಂಟೆ ಮಳೆಗೊಂದು ಹೊತ್ತು, ಬಿಸಿಲಿಗೊಂದು ಹೊತ್ತು ಎಂದು ಹೊಡೆಯುತ್ತಿತ್ತೇ? ಮನೆಗೆ ಬಂದವನೇ ಕರೆಂಟ್ ವೈರುಗಳಿಗೆ ಸುತ್ತುವ ಕೆಂಪು ಟೇಪನ್ನು ಚಕ್ರಗಳ ಮೇಲೆ ಬಿಗಿಯಾಗಿ ಸುತ್ತಿಬಿಟ್ಟೆ.

"ಯಾಕ್ರೀ, ಅದಕ್ಕೆ ಮೂಳೆ ಮುರೀತಾ?" ಎಂದಳು ಹೆಂಡತಿ ಸರೋಜಾ.

ಅಜ್ಞಾನಿಗಳಿಗೆ ಉತ್ತರ ಕೊಡಬಾರದು.

ಆ ವಾರವೇ ಹೆಸರಘಟ್ಟದಿಂದ ಅಕ್ಕ ಬಂದಳು. ಹಾಲು ಮಾರಿ ನನ್ನನ್ನು ಓದಿಸಿದವಳು. ಕೋಳಿ ಕೂಗುವ ಮೊದಲೇ ತಲೆಯ ಮೇಲೆ ತಣ್ಣೀರು ಸುರಿದು, ನನಗೆ ಶಿಸ್ತು ಎಂದರೇನೆಂದು ಕಲಿಸಿದವಳು. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಯಾರ ಮದುವೆಯಾದರೂ ಫೋಟೋ ತೆಗೆಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ. ಕರೆದರೆ, "ನನ್ ಮೊಕದಾಗೇನೈತೆ? ಅಗೋ, ಕೊಟ್ಟಿಗೆಯಾಗೆ ಅಸ ನಿಂತೈತೆ, ಅದ್ರದ್ದು ತೆಗಿ" ಎನ್ನುವಳು. ಆ ದಿನ ಮಾತ್ರ ರೇಷ್ಮೆ ಸೀರೆಯುಟ್ಟು ಬಂದು, "ಈವತ್ತು ಒಂದು ತೆಗೆದ್ಬುಡು. ಇನ್ನೊಂದ್ ಸಲ ಕೇಳ್ಬ್ಯಾಡ" ಎಂದುಬಿಟ್ಟಳು.

ನಾನು ಕ್ಯಾಮೆರಾ ತಂದೆ.

ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ತೆಗೆದೆ. ಅಮಾವಾಸ್ಯೆ! ಅಕ್ಕನೂ ಇಲ್ಲ, ಕುರ್ಚಿಯೂ ಇಲ್ಲ.

"ಅಂಕಿಗಳು ಸರಿಯಾಗಿವೆ. ಇಲ್ಲಿ ಬೆಳಕೇ ತಪ್ಪಾಗಿದೆ" ಎಂದು ಘೋಷಿಸಿ, ಅಕ್ಕನನ್ನೂ ಕುರ್ಚಿಯನ್ನೂ ತಾರಸಿಗೆ ಸಾಗಿಸಿದೆ. ಮಟಮಟ ಮಧ್ಯಾಹ್ನ. ಈ ಸಲ ಅಕ್ಕ ಬೆಳಕಿನಲ್ಲಿ ಕರಗಿಹೋಗಿದ್ದಳು. ಸೀರೆಯ ಅಂಚು ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು.

"ರೀ, ಸುಮ್ನೆ ಆಟೋಗೆ ಹಾಕ್ರೀ" ಎಂದಳು ಸರೋಜಾ.

"ಆ ಪದವನ್ನು ಈ ಮನೆಯಲ್ಲಿ ಉಚ್ಚರಿಸಬಾರದು!"

ಗದ್ದಲ ಕೇಳಿ ಪಕ್ಕದ ಮನೆಯ ಶಮೀಮ್ ಬಂದರು. ಅವರ ಕೈಗೆ ಬೆಡ್‌ಶೀಟಿನ ಒಂದು ತುದಿ, ಸರೋಜಾಳ ಕೈಗೆ ಇನ್ನೊಂದು ತುದಿ ಕೊಟ್ಟು ನೆರಳು ಹಿಡಿಸಿದೆ. ಅರ್ಧ ಅಕ್ಕ ಕಪ್ಪು, ಅರ್ಧ ಅಕ್ಕ ಬಿಳಿ.

"ಮೇಷ್ಟ್ರೇ, ಸೂರ್ಯಂಗೂ ಅಟೆನ್ಷನ್ ಹೇಳ್ತೀರಾ?" ಎಂದರು ಶಮೀಮ್.

ಮತ್ತೆ ಮೆಟ್ಟಿಲಿಳಿದು ಗೇಟಿನ ಬಳಿ, ಗೇಟಿನಿಂದ ಹೊಂಗೆ ಮರದ ಕೆಳಗೆ. ಕುರ್ಚಿ ಮುಂದೆ, ಅಕ್ಕ ಹಿಂದೆ.

"ಲೋ, ಫೋಟೋ ತೆಗೀತೀಯೋ, ಮೆರವಣಿಗೆ ಮಾಡ್ತೀಯೋ?" ಎಂದಳು ಅಕ್ಕ. "ಬಸ್ಸಿನ ಒತ್ತಾಯ್ತು. ನಾನ್ ಓಗ್ದಿದ್ರೆ ಗೌರಿ ಯಾರ್ಗೂ ಆಲ್ ಕೊಡಾಕಿಲ್ಲ." ಗೌರಿ ಅವಳ ಹಸು.

ಅಕ್ಕ ಚೀಲ ಎತ್ತಿಕೊಂಡಳು. ಇನ್ನೊಂದು ಸಲ ಎಂಬುದಿಲ್ಲ! ಶಿಸ್ತು ಹಾಳಾಗಿ ಹೋಗಲಿ ಎಂದು ಆಟೋಗೆ ತಿರುಗಿಸಲು ಟೇಪು ಕೀಳಹೋದೆ. ಬರಲಿಲ್ಲ. ಬಿಸಿಲಿಗೆ ಅಂಟು ಕರಗಿ ಚಕ್ರಕ್ಕೆ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದೆ. ಕೊನೆಗೆ ಅಕ್ಕನ ಮುಂದೆ ಮಂಡಿಯೂರಿ, ತಲೆ ತಗ್ಗಿಸಿ, ಹಲ್ಲಿನಿಂದ ಕಚ್ಚಿ ಎಳೆಯತೊಡಗಿದೆ.

"ಅಯ್ಯೋ ನೋಡ್ರವ್ವ! ಚಿಕ್ಕೋನಾಗಿದ್ದಾಗ ಸ್ಲೇಟ್‌ನೂ ಇಂಗೇ ಕಡೀತಿದ್ದ!" ಎಂದು ಅಕ್ಕ ನನ್ನ ಬೋಳು ತಲೆಯ ಮೇಲೆ ಕೈಯಿಟ್ಟು ಬಾಯ್ತುಂಬ ನಕ್ಕಳು.

ಅಷ್ಟರಲ್ಲಿ ಕ್ಲಿಕ್ ಎಂಬ ಸದ್ದು. ನನ್ನ ಕ್ಯಾಮೆರಾದ್ದಲ್ಲ, ಶಮೀಮರ ಫೋನಿನದು.

ನೋಡಿದೆ. ಅಕ್ಕನ ಮೂಗುಬೊಟ್ಟು, ಕೆನ್ನೆಯ ಸುಕ್ಕು, ಬಿದ್ದ ಹಲ್ಲಿನ ಸಂದು, ಕಣ್ಣಂಚಿನ ನೀರು, ಎಲ್ಲವೂ ಇದ್ದವು. ಇಡೀ ಅಕ್ಕ ಇದ್ದಳು.

"ಯಾವ ಸೆಟ್ಟಿಂಗಮ್ಮಾ?" ಎಂದೆ.

"ಸೆಟ್ಟಿಂಗಾ? ಒತ್ತಿದೆ ಅಷ್ಟೇ ಮೇಷ್ಟ್ರೇ!"

ಆ ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ದಿನವೂ ಅದರ ಮುಂದೆ ನಿಂತು ಅಕ್ಕನಿಗೆ, ಶಮೀಮರ ಬೆರಳಿಗೆ, ಸೋಮಾರಿಯೆಂದು ಬೈಸಿಕೊಂಡ ಆಟೋ ಮೋಡ್‌ಗೆ ಕೈಮುಗಿಯುತ್ತೇನೆ. ಮ್ಯಾನುಯಲ್ ಕಲಿಕೆಯನ್ನೂ ಬಿಟ್ಟಿಲ್ಲ. ಈಗ ಅಕ್ಕಂದಿರನ್ನು ಸಾಗಿಸುವುದಿಲ್ಲ, ಚಕ್ರ ತಿರುಗಿಸುತ್ತೇನೆ.

ಅಕ್ಕ ಬಂದುಹೋದ ವಾರದ ಭಾನುವಾರವೇ ಫೋಟೋವನ್ನು ಗುರುಗಳಿಗೂ ತೋರಿಸಿದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಸೂಪರ್ ಸರ್! ಮುಖದ ಮೇಲೆ ಬೆಳಕು ಎಷ್ಟ್ ಚೆನ್ನಾಗಿ ಬಂದಿದೆ! ಒಂದೇ ತಪ್ಪು. ಕೆಳಗಡೆ ಗುಂಡಗೆ ಏನೋ ಇದೆಯಲ್ಲ, ಅಲ್ಲಿ ಮಾತ್ರ ಬೆಳಕು ವಿಪರೀತ ಜಾಸ್ತಿ ಆಗ್ಬಿಟ್ಟಿದೆ. ಏನ್ ಸರ್ ಅದು?"

ನಾನು ಟೋಪಿ ತೆಗೆದು ತೋರಿಸಿದೆ.