ಆಗಸ್ಟ್ ತಿಂಗಳ ಮೋಟಾರ್‌ಸೈಕಲ್

ಚಲಿಸುತ್ತಿರುವ ವಾಹನವನ್ನು ಯಾರೂ ನೆನಪಿಸಿಕೊಳ್ಳತಕ್ಕದ್ದಲ್ಲ. ಇದು ನಮ್ಮ ಹಳೆಯ ವಾಹನಾಭಿಮಾನಿಗಳ ಸಂಘದ ಏಳನೆಯ ನಿಯಮ. ಕಾರ್ಯದರ್ಶಿಯಾದ ನಾನೇ ಬರೆದದ್ದರಿಂದ ಇದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಓಡುವ ಗಾಡಿ ಇವತ್ತಿನ ಗಾಡಿ. ಅದು ನಿಂತ ಮೇಲೆಯೇ ನೆನಪಾಗುವ ಯೋಗ್ಯತೆ ಪಡೆಯುತ್ತದೆ.

ಸಂಘದಲ್ಲಿ ನಲವತ್ತೊಂದು ಮಂದಿ ಸದಸ್ಯರು, ಎರಡು ಕಾರುಗಳು. ಒಂದಕ್ಕೆ ಎಂಜಿನ್ ಇಲ್ಲ. ಇನ್ನೊಂದು ಇರುವ ಗ್ಯಾರೇಜಿನ ಬೀಗದಕೈ ಕಳೆದು ಒಂಬತ್ತು ವರ್ಷವಾಯಿತು. ಹಾಗಾಗಿ ಗ್ಯಾರೇಜಿನ ಬಾಗಿಲನ್ನೇ ಫೋಟೊ ತೆಗೆಯುತ್ತೇವೆ. ಪ್ರತಿ ಭಾನುವಾರ ಸೇರುವುದು, ಫೋಟೊ ತೆಗೆಯುವುದು, ಸರದಿಯ ಪ್ರಕಾರ ಒಬ್ಬೊಬ್ಬರೂ ಎದ್ದು ನಿಂತು ನೆನಪಿಸಿಕೊಳ್ಳುವುದು, ವರ್ಷಕ್ಕೊಂದು ಕ್ಯಾಲೆಂಡರ್ ತರುವುದು ನಮ್ಮ ಕಾರ್ಯಕ್ರಮ. ಈ ಸಲ ಹನ್ನೊಂದು ತಿಂಗಳಿಗೆ ಚಿತ್ರ ಸಿಕ್ಕಿತ್ತು. ಆಗಸ್ಟ್ ಮಾತ್ರ ಖಾಲಿ. ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಖಾಲಿ ಜಾಗ ಕಂಡರೆ ಅವರಿಗೆ ಮೊದಲಿಂದಲೂ ಸಂಕಟ.

ಆ ಭಾನುವಾರ ಸಭೆ ನಮ್ಮ ಮನೆಯಲ್ಲಿತ್ತು. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ನಮ್ಮ ಮನೆಯವಳು ಪ್ಲಂಬರನ್ನೂ ಅಂದೇ ಕರೆಸಿದ್ದಳು. ಈ ಬೀದಿಯಲ್ಲಿ ಯಾರ ಮನೆಯ ನಲ್ಲಿ ಕೆಟ್ಟರೂ ಅವನೇ ಬರಬೇಕು. ಬರುವುದು ಒಂದು ಹಳೆಯ ನೀಲಿ ಮೋಟಾರ್‌ಸೈಕಲ್ಲಿನಲ್ಲಿ. ಅದರ ಮಗ್ಗುಲಿಗೊಂದು ಸೈಡ್‌ಕಾರ್, ಸೈಡ್‌ಕಾರ್ ತುಂಬ ಅವನ ಸಾಮಾನು. ಗಾಡಿಯೂ ಕಸುಬೂ ಅವನ ಅಪ್ಪನಿಂದ ಬಂದವು.

ಅವನು ನಲ್ಲಿ ಬಿಚ್ಚಿ, ಬಕೆಟ್ ಇಟ್ಟು, ದೊಡ್ಡ ಸ್ಪ್ಯಾನರ್ ತರಲು ಕೆಳಗಿಳಿದ. ಅಷ್ಟರಲ್ಲಿ ಕಿಟಕಿಯಿಂದ ಇಣುಕಿದ ಅಧ್ಯಕ್ಷರು ಗಾಡಿಯನ್ನು ಕಂಡಿದ್ದರು. ಅವನು ಗಾಡಿಯ ಹತ್ತಿರ ಹೋಗುವ ಹೊತ್ತಿಗೆ ಅಧ್ಯಕ್ಷರೂ ಸೇರಿ ಹನ್ನೊಂದು ಮಂದಿ ಸದಸ್ಯರು ಅದನ್ನು ಸುತ್ತುವರಿದು ಫೋಟೊ ತೆಗೆಯುತ್ತಿದ್ದರು.

"ಸರ್, ಒಂದು ಸ್ಪ್ಯಾನರ್ ತಗೋಬೇಕಿತ್ತು," ಎಂದ ಪ್ಲಂಬರ್.

"ಸ್ವಲ್ಪ ಆ ಕಡೆ ನಿಂತ್ಕೊಳಪ್ಪ, ಫೋಟೊದಲ್ಲಿ ಬರ್ತಾ ಇದೀಯ," ಎಂದರು ಅಧ್ಯಕ್ಷರು.

ಅವನು ಆ ಕಡೆ ನಿಂತ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದೆ. ಬೇಗ ಮುಗಿದರೆ ಸಾಕೆಂದು ಒದ್ದೆ ಕೈಯಲ್ಲೇ ಸೀಟಿನ ಮೇಲಿಟ್ಟು ಗೀಚಿಕೊಟ್ಟ. ವಾಹನವನ್ನೂ ಅದರೊಳಗಿನ ಸಕಲ ವಸ್ತುಗಳನ್ನೂ ಫೋಟೊದಲ್ಲಿರುವಂತೆಯೇ ಕಾಪಾಡತಕ್ಕದ್ದು ಎಂದು ಪತ್ರದ ಕೆಳಭಾಗದಲ್ಲಿ ಇದೆ. ಅಕ್ಷರ ಚಿಕ್ಕದು ಎಂಬ ಆಕ್ಷೇಪ ಆಮೇಲೆ ಬಂತು. ಅಚ್ಚು ಹಾಕಿಸುವಾಗ ಕಾಗದ ಉಳಿಸಬೇಕೆಂದು ನಿರ್ಣಯವಾಗಿತ್ತು, ಅಷ್ಟೇ.

ನಂತರ ನೆನಪಿನ ಸರದಿ. ಅಧ್ಯಕ್ಷರು ಕಣ್ಣೊರೆಸಿಕೊಂಡು, ಇದೇ ಗಾಡಿಯಲ್ಲಿ ತಮ್ಮ ಸೋದರಮಾವ ತಮ್ಮನ್ನು ಶಾಲೆಗೆ ಬಿಡುತ್ತಿದ್ದರೆಂದೂ ಆಗ ಅದು ಕೆಂಪಗಿತ್ತೆಂದೂ ಹೇಳಿದರು. ಖಜಾಂಚಿಯ ನೆನಪಿನಲ್ಲಿ ಅದು ಹಸಿರು. ಅವರ ಮದುವೆಯ ಮೆರವಣಿಗೆ ಅದರ ಮೇಲೆಯೇ ಹೊರಟಿತ್ತು. ಮೂರನೆಯವರು ಅದರಿಂದ ಬಿದ್ದು ಮೊಣಕಾಲು ಒಡೆದುಕೊಂಡಿದ್ದರು, ಗುರುತನ್ನೂ ತೋರಿಸಿದರು. ಮೂವರೂ ಹುಟ್ಟಿ ಬೆಳೆದದ್ದು ಬೇರೆ ಬೇರೆ ಊರುಗಳಲ್ಲಿ.

"ಇಲ್ಲ ಸರ್," ಎಂದ ಪ್ಲಂಬರ್. "ಇದನ್ನ ನಮ್ಮಪ್ಪ ಹೊಸದಾಗಿ ಕೊಂಡಿದ್ದು. ಅವತ್ತಿಂದ ನೀಲೀನೇ. ಈ ಬೀದಿ ಬಿಟ್ಟು ಎಲ್ಲಿಗೂ ಹೋಗಿಲ್ಲ."

ಈ ಹೇಳಿಕೆಯನ್ನು ಎಂಟನೆಯ ನಿಯಮದ ಪ್ರಕಾರ ಕಡತಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಮಾಲೀಕರು ತಮ್ಮ ಗಾಡಿಯನ್ನು ದಿನಾ ನೋಡುತ್ತಿರುವುದರಿಂದ ಅವರ ನೆನಪಿನಲ್ಲಿ ಪಕ್ಷಪಾತವಿರುತ್ತದೆ. ಗಾಡಿಯ ಬಣ್ಣ ಕೆಂಪು ಮತ್ತು ಹಸಿರು ಎಂದು ಸರ್ವಾನುಮತದಿಂದ ದಾಖಲಾಯಿತು. ಮೂರು ನೆನಪುಗಳು ಸಂದ ವಾಹನ ಇನ್ನು ಓಡುವುದು ಏಳನೆಯ ನಿಯಮಕ್ಕೆ ವಿರುದ್ಧವಾದ್ದರಿಂದ ಅಂದೇ ಸಂಜೆ ಸುತ್ತ ಸರಪಳಿ ಹಾಕಿಸಿದೆವು. ಬೀದಿಯ ಜನರೂ ಒಪ್ಪಿದರು. ಕ್ಯಾಲೆಂಡರಿನಲ್ಲಿ ತಮ್ಮ ಮನೆಯ ಗೋಡೆ ಬರುತ್ತದೆ ಎಂದರೆ ಯಾರಿಗೆ ತಾನೇ ಬೇಡ?

ಮೇಲೆ ಅಡುಗೆಮನೆಯಲ್ಲಿ ಬಕೆಟ್ ತುಂಬಿತು.

"ರೀ, ಅವನ ಸ್ಪ್ಯಾನರ್ ಅವನಿಗೆ ಕೊಡೋಕೆ ನಿಮ್ಮ ಗಂಟೇನು ಹೋಗತ್ತೆ?" ಎಂದಳು ನಮ್ಮ ಮನೆಯವಳು.

"ಅದು ಫೋಟೊದಲ್ಲಿ ಬಂದುಬಿಟ್ಟಿದೆ ಕಣೇ."

"ಬೇರೆ ಕೊಂಡ್ಕೊಳಪ್ಪ ಹಾಗಾದ್ರೆ," ಎಂದು ಅವಳು ಪ್ಲಂಬರ್ ಕಡೆ ತಿರುಗಿದಳು.

"ಎಲ್ಲಿ ಸಿಗತ್ತೆ ಅಕ್ಕ? ಈ ಬೀದಿ ನಲ್ಲಿಗಳೆಲ್ಲ ಹಳೇ ಕಾಲದವು, ಅಳತೇನೇ ಬೇರೆ. ಅಪ್ಪ ಇದಕ್ಕೇ ಅಂತ ಹೇಳಿ ಮಾಡಿಸಿದ್ದು ಅದು. ಅದೊಂದು ಇಲ್ದಿದ್ರೆ ನನ್ನ ಕೈಯೇ ಕಟ್ಟಿದ ಹಾಗೆ."

ಮಾರನೆಯ ವಾರ ಅವನು ಸರಪಳಿ ದಾಟಿ ಸ್ಪ್ಯಾನರ್ ಎತ್ತಿಕೊಂಡ. ಖಜಾಂಚಿ ಫೋಟೊ ಹಿಡಿದು ತಾಳೆ ನೋಡಿ ಅಲ್ಲೇ ಪತ್ತೆ ಹಚ್ಚಿದರು. ಅವನೇನೂ ಜಗಳಕ್ಕೆ ಬರಲಿಲ್ಲ, ಸಹಿ ಹಾಕಿದ್ದೇನಲ್ಲ ಎಂದು ಹಿಂತಿರುಗಿಸಿದ. ಕಷ್ಟವಾದದ್ದು ಅದನ್ನು ಮೊದಲಿದ್ದ ಹಾಗೆಯೇ ಇಡುವುದು. ಒಬ್ಬರು ಸ್ವಲ್ಪ ಎಡಕ್ಕೆ ಎಂದರು, ಒಬ್ಬರು ತುದಿ ಮೇಲಕ್ಕೆ ಎಂದರು. ನಲವತ್ತು ನಿಮಿಷ ಹಿಡಿಯಿತು. ಅವನು ಬೆವರೊರೆಸಿಕೊಂಡು ನಿಂತಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಸಭೆಯ ನಡಾವಳಿಯಲ್ಲಿ ಅದನ್ನು ಬರೆಯುವ ಅಂಕಣವಿಲ್ಲ.

ಅನ್ಯಾಯವಾಗಬಾರದೆಂದು ನಾನೇ ಅವನಿಗೆ ನಮೂನೆ ಒಂಬತ್ತನ್ನು ಕೊಟ್ಟೆ: 'ನೆನಪಿನಿಂದ ಬಿಡುಗಡೆ ಕೋರಿ ಅರ್ಜಿ.' ಅವನು ಎರಡು ದಿನ ಕೂತು ತುಂಬಿಸಿಕೊಂಡು ಬಂದ.

"ಮೂರನೇ ಕಲಮು ಖಾಲಿ ಬಿಟ್ಟಿದೀಯಲ್ಲಪ್ಪ," ಎಂದೆ.

"ಗಾಡಿ ಓಡ್ತಾ ಇರೋ ಇತ್ತೀಚಿನ ಫೋಟೊ ಹಚ್ಚಿ ಅಂತಿದೆ ಸರ್. ಓಡಿಸೋ ಹಾಗಿಲ್ಲವಲ್ಲ."

"ಬಿಡುಗಡೆ ಆದ ಮೇಲೆ ಓಡಿಸಬಹುದು."

"ಆಗ ಫೋಟೊ ತೆಗೆದು ಅರ್ಜಿ ಕೊಡ್ಲಾ?"

"ಆಗ ಅರ್ಜಿಯ ಅಗತ್ಯ ಇರೋದಿಲ್ಲ."

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, "ನಿಯಮ ಸರಿಯಾಗಿಯೇ ಇದೆ ಸರ್, ನನ್ನ ಗ್ರಹಚಾರ," ಎಂದ. ಅರ್ಜಿದಾರರಲ್ಲಿ ಇಷ್ಟು ತಿಳಿವಳಿಕೆ ಇರುವುದು ಅಪರೂಪ.

ಮೂರು ತಿಂಗಳಲ್ಲಿ ಬೀದಿಯ ಹದಿನೇಳು ಮನೆಗಳ ನಲ್ಲಿ ಸೋರತೊಡಗಿತು. ಬೇರೆ ಪ್ಲಂಬರುಗಳು ಬಂದು ಅಳತೆ ನೋಡಿ ಕೈ ಚೆಲ್ಲಿದರು. ಜನ ಸಂಜೆ ಹೊತ್ತು ಸರಪಳಿಯ ಸುತ್ತ ಸೇರುತ್ತಿದ್ದರು. "ಎಂಥ ಕಾಲ ಅದು! ನಲ್ಲಿ ಕೆಟ್ರೆ ಸಾಕು, ಒಬ್ಬ ಮನುಷ್ಯ ಈ ಗಾಡೀಲಿ ಬಂದು ರಿಪೇರಿ ಮಾಡಿ ಹೋಗ್ತಿದ್ದ," ಎಂದು ಎದುರುಮನೆಯ ಟೈಲರ್ ನಿಟ್ಟುಸಿರು ಬಿಟ್ಟ. ಆ ಮನುಷ್ಯ ಅವನ ಪಕ್ಕದಲ್ಲೇ ನಿಂತು ಗಾಡಿಯ ಧೂಳು ಒರೆಸುತ್ತಿದ್ದ. ಸಂಘ ಅವನನ್ನು ಗಾಡಿಯ ಕಾವಲಿಗೆ ನೇಮಿಸಿಕೊಂಡಿತ್ತು. ಯಾರಾದರೂ ಗಾಡಿ ಮುಟ್ಟಲು ಹೋದರೆ, "ಮುಟ್ಟಬೇಡಿ, ಹಳೇದು," ಎನ್ನುವುದು ಅವನ ಕೆಲಸ.

ಕ್ಯಾಲೆಂಡರ್ ಬಿಡುಗಡೆಯ ದಿನ ಅಧ್ಯಕ್ಷರು ಅವನಿಗೂ ಎರಡು ಮಾತಾಡಲು ಹೇಳಿದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನ ಸೈಡ್‌ಕಾರಲ್ಲಿ ಪೈಪುಗಳ ಮಧ್ಯ ಕೂರಿಸ್ಕೊಂಡು ಹೋಗ್ತಿದ್ರು. ಆ ಸ್ಪ್ಯಾನರ್ ನನ್ನ ತೊಡೆ ಮೇಲೆ ಇರೋದು. ಭದ್ರವಾಗಿ ಹಿಡ್ಕೋ ಮಗಾ, ಅದು ಕಳೆದ್ರೆ ನಾವು ಊಟಾನೇ ಕಳ್ಕೊಂಡ ಹಾಗೆ ಅನ್ನೋರು. ನಾನು ಕಳ್ಕೊಳ್ಳಲಿಲ್ಲ ಸರ್. ಅಲ್ಲೇ ಇದೆ, ಕಾಣ್ತಾ ಇದೆ."

ಸಭೆಯಲ್ಲಿ ಅಳದವರಿಲ್ಲ. ಆದರೂ ಕರ್ತವ್ಯ ಕರ್ತವ್ಯವೇ. ಮಾಲೀಕರ ನೆನಪು ಗಾಡಿ ನಿಂತು ಇಪ್ಪತ್ತೈದು ವರ್ಷವಾಗುವವರೆಗೆ ಊರ್ಜಿತವಲ್ಲ ಎಂದು ಎಂಟನೆಯ ನಿಯಮದ ಉಳಿದರ್ಧವನ್ನು ಓದಿ ಹೇಳಿದೆ. ಅವನು ತಲೆಯಾಡಿಸಿ, ಯಾವ ತಾರೀಕಿಗೆ ಬರಬೇಕೆಂದು ಕೇಳಿ ಕೈಪುಸ್ತಕದಲ್ಲಿ ಬರೆದುಕೊಂಡ.

ಈಗ ಎಲ್ಲವೂ ಒಂದು ಹದಕ್ಕೆ ಬಂದಿದೆ. ಗಾಡಿ ಒರೆಸಿದ ಮೇಲೆ ಅವನು ಮನೆಮನೆಗೂ ಹೋಗಿ ಸೋರಿ ತುಂಬಿದ ಬಕೆಟ್ ಚೆಲ್ಲಿಕೊಟ್ಟು ಬರುತ್ತಾನೆ. ಹೇಳಿದ ಹೊತ್ತಿಗೆ ಸರಿಯಾಗಿ ಬರುವವನು, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಎತ್ತುತ್ತಾನೆ. ಬೀದಿಯವರೆಲ್ಲ ಮೆಚ್ಚಿಕೊಂಡಿದ್ದಾರೆ. ನಮ್ಮ ಮನೆಯವಳೂ ಸ್ಪ್ಯಾನರಿನ ಮಾತೆತ್ತುವುದನ್ನು ಬಿಟ್ಟು ಇನ್ನೂ ದೊಡ್ಡ ಬಕೆಟ್ ತಂದಿದ್ದಾಳೆ.

ಕ್ಯಾಲೆಂಡರನ್ನು ಅವಳು ಅಡುಗೆಮನೆಯಲ್ಲಿ ನಲ್ಲಿಯ ಮೇಲೆಯೇ ತೂಗುಹಾಕಿದ್ದಾಳೆ. ಈಗ ನವೆಂಬರ್ ನಡೆಯುತ್ತಿದ್ದರೂ ಅದರಲ್ಲಿ ಆಗಸ್ಟ್ ಪುಟವೇ ಇದೆ. ತಿರುವಬೇಡಿ ಅಕ್ಕ ಎಂದು ಅವನು ಕೇಳಿಕೊಂಡನಂತೆ. ಖಾಲಿ ಬಕೆಟ್ಟನ್ನು ವಾಪಸು ಇಟ್ಟ ಮೇಲೆ ಅವನು ಒಂದು ನಿಮಿಷ ಆ ಪುಟವನ್ನು ನೋಡುತ್ತ ನಿಲ್ಲುತ್ತಾನೆ. ಫೋಟೊ ಬಹಳ ಚೆನ್ನಾಗಿ ಬಂದಿದೆ. ಸ್ಪ್ಯಾನರಿನ ತುದಿ ಕೂಡ ಸ್ಪಷ್ಟವಾಗಿ ಕಾಣುತ್ತದೆ.